ಡಾಲರಿಗೆ ಒಂದೂವರೆ

ಏಪ್ರಿಲ್ 15, 1946, ಸೋಮವಾರ

ಪಿಂಚಣಿ ಬಂದ ಮೇಲೆ ಇನ್ನೊಬ್ಬರ ಲೆಕ್ಕ ಮುಟ್ಟುವುದಿಲ್ಲ ಎಂದು ಹೆಂಡತಿ ಬಚ್ಚಮ್ಮನಿಗೆ ಮಾತು ಕೊಟ್ಟಿದ್ದೆ. ಕೊಟ್ಟು ವರ್ಷ ತುಂಬಲಿಲ್ಲ, ಮುರಿದೆ. ಬೆಳಿಗ್ಗೆ ಚಿಕ್ಕ ರೈಲಿನಲ್ಲಿ ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗಿ ಸಂಜೆ ಅದರಲ್ಲೇ ಬಂದೆ. ಆ ರೈಲು ಓಡುವುದಕ್ಕಿಂತ ನಿಂತು ಯೋಚನೆ ಮಾಡುವುದೇ ಹೆಚ್ಚು. ಸೊಂಟ ಇನ್ನೂ ಅಲ್ಲಾಡುತ್ತಿದೆ.

ಕರೆದವರು ಹುಣಸೆಹಣ್ಣಿನ ಮಂಡಿಯ ಮುಖ್ತಿಯಾರ್ ಸಾಹೇಬರು. ಅವರ ತಂದೆ ಮಹಮ್ಮದ್ ಇಸ್ಮಾಯಿಲ್ ಸಾಹೇಬರನ್ನು ನಾನು ಬಲ್ಲೆ. ಈ ಸೀಮೆಯ ಹುಣಸೆಹಣ್ಣನ್ನು ಮೂಟೆ ಕಟ್ಟಿಸಿ, ಮದರಾಸಿನಲ್ಲಿ ಹಡಗು ಹತ್ತಿಸಿ, ಪಿನಾಂಗಿಗೆ ಕಳಿಸಿ ಬದುಕು ಕಟ್ಟಿದವರು. ಅಲ್ಲೊಂದು ಅಂಗಡಿಯನ್ನೂ ಇಟ್ಟರು. ಹಿರಿಯ ಮಗ ಮುಖ್ತಿಯಾರ್ ಇಲ್ಲಿ, ಕಿರಿಯ ಮಗ ಹಬೀಬುಲ್ಲಾ ಅಲ್ಲಿ. ತಂದೆ ತೀರಿಹೋದರು. ಯುದ್ಧ ಬಂತು, ಜಪಾನಿನವರು ಪಿನಾಂಗ್ ಹಿಡಿದರು, ಮೂರೂವರೆ ವರ್ಷ ಅತ್ತಲಿಂದ ಒಂದು ಕಾಗದವಿಲ್ಲ. ಈಗ ಕಿರಿಯವನು ಅಂಗಡಿ ಮುಚ್ಚಿ, ಹೆಂಡತಿಯನ್ನೂ ಒಂದು ತಗಡಿನ ಪೆಟ್ಟಿಗೆಯನ್ನೂ ಕಟ್ಟಿಕೊಂಡು ಬಂದಿದ್ದಾನೆ. ಅಣ್ಣ ತಮ್ಮ ಬೇರೆಯಾಗುತ್ತಾರಂತೆ.

ಬೇರೆಯಾಗಲಿಕ್ಕೆ ಲೆಕ್ಕ ಒಂದಾಗಬೇಕು. ಇಲ್ಲಿಯದು ರೂಪಾಯಿ, ಅಲ್ಲಿಯದು ಡಾಲರು. ಡಾಲರನ್ನು ರೂಪಾಯಿ ಮಾಡಿ, ಎರಡು ಕಡೆಯ ಆಸ್ತಿ, ಸಾಲ, ಲಾಭ, ನಷ್ಟ ಎಲ್ಲವನ್ನೂ ಒಂದೇ ಪಟ್ಟಿಗೆ ತಂದು, ಇಬ್ಬರಿಗೂ ಸಮ ಭಾಗ ಮಾಡಬೇಕು. ಚಿನ್ನದ ಗಣಿಯ ಕಚೇರಿಯಲ್ಲಿ ಮೂವತ್ತು ವರ್ಷದ ಹತ್ತಿರ ನಾನು ಮಾಡಿದ್ದೇ ಇದು. ನಮ್ಮ ರೂಪಾಯಿ ಲೆಕ್ಕವನ್ನು ಪೌಂಡಿಗೆ ತಿರುಗಿಸಿ ಲಂಡನ್ನಿಗೆ ಕಳಿಸುವುದು. ಪೌಂಡಿಗೆ ಹದಿಮೂರು ರೂಪಾಯಿ ಐದಾಣೆ ನಾಲ್ಕು ಪೈ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ತಮ್ಮ ಕೇಳುವುದು ಒಂದೇ: ಯಲ್ದೂರಿನ ಮಾವಿನ ತೋಪು. ಅದು ತನ್ನ ಪಾಲಿಗೆ ಬಂದರೆ ಅಲ್ಲೇ ಒಂದು ಮನೆ ಹಾಕಿಕೊಂಡು ಇರುತ್ತಾನಂತೆ. ಅಣ್ಣ ಹೇಳುವುದೂ ಒಂದೇ: ಕೊಡು ಅಂತ ಲೆಕ್ಕ ಹೇಳಿದರೆ ತೋಪು ಕೊಡ್ತೀನಿ, ಬೇಡ ಅಂತ ಹೇಳಿದರೆ ಇಲ್ಲ. ಲೆಕ್ಕ ಏನು ಹೇಳುತ್ತದೋ ಅದಕ್ಕೆ ಇಬ್ಬರೂ ಒಪ್ಪಿ ನನ್ನ ಮುಂದೆ ತಲೆಯಾಡಿಸಿದ್ದಾರೆ.

ಬಚ್ಚಮ್ಮ, "ಹುಣಸೆ ಮರಕ್ಕೆ ಮುಪ್ಪಾದರೆ ಹುಳಿಗೆ ಮುಪ್ಪೇನು ಬಿಡಿ" ಎಂದಳು. ನನಗೇ ಅಂದದ್ದು.

ಏಪ್ರಿಲ್ 18, ಗುರುವಾರ

ಇಲ್ಲಿಯ ಲೆಕ್ಕ ಮುಗಿಯಿತು. ಮಂಡಿ, ಮನೆ, ತೋಪು, ಬರಬೇಕಾದ ಬಾಕಿ ಎಲ್ಲ ಸೇರಿ ಅರವತ್ತು ಸಾವಿರ. ಒಬ್ಬೊಬ್ಬರಿಗೆ ಮೂವತ್ತು ಬರುತ್ತದೆ. ತೋಪಿನ ಬೆಲೆ ಹದಿನಾಲ್ಕು.

ಒಂದು ಕಡೆ ಮಾತ್ರ ಸಾಹೇಬರಿಗೂ ನನಗೂ ಜಟಾಪಟಿ ಆಯಿತು. 1944ರಲ್ಲಿ ಅವರ ತಾಯಿ ತೀರಿಕೊಂಡಾಗ ಆದ ಖರ್ಚು ಮೂವತ್ತೊಂದು ರೂಪಾಯಿಯನ್ನು ಮಂಡಿಯ ಲೆಕ್ಕದಲ್ಲಿ 'ದೊಡ್ಡ ಮನೆ ಖರ್ಚು' ಎಂದು ಬರೆಸಿದ್ದಾರೆ. ಸ್ವಂತದ್ದು ಸ್ವಂತ, ವ್ಯಾಪಾರದ್ದು ವ್ಯಾಪಾರ, ಎರಡನ್ನೂ ಕಲಸಬಾರದು ಎಂದೆ. ಗಣಿಯಲ್ಲಾಗಿದ್ದರೆ ಆಡಿಟರು ಕೆಂಪು ಪೆನ್ಸಿಲ್ಲಿನಲ್ಲಿ ಹೊಡೆದು ಹಾಕುತ್ತಿದ್ದರು. ಸಾಹೇಬರು ಬಗ್ಗಲಿಲ್ಲ. ಅಮ್ಮೀ ಇಬ್ಬರಿಗೂ ಅಮ್ಮೀ, ಅದು ನನ್ನೊಬ್ಬನ ಹೆಸರಿಗೆ ಬರೋದಿಲ್ಲ, ಅವನೊಬ್ಬನ ಹೆಸರಿಗೂ ಬರೋದಿಲ್ಲ ಎಂದರು. ಮೂವತ್ತೊಂದು ರೂಪಾಯಿಗೆ ಇನ್ನೆಷ್ಟು ವಾದ ಮಾಡುವುದು, ಬಿಟ್ಟೆ. ಮನಸ್ಸಿಗೆ ಮಾತ್ರ ಸರಿಬರಲಿಲ್ಲ.

ನಾಳೆಯಿಂದ ಪಿನಾಂಗಿನ ಆಸಾಮಿಯ ಪುಸ್ತಕ.

ಏಪ್ರಿಲ್ 27, ಶನಿವಾರ

ಪಿನಾಂಗಿನ ಲೆಕ್ಕವೂ ಕನ್ನಡದಲ್ಲೇ ಇದೆ. ಮಂಡಿಯ ಲೆಕ್ಕ ಎಲ್ಲಿದ್ದರೂ ಒಂದೇ ಭಾಷೆಯಲ್ಲಿರಬೇಕೆಂದು ತೀರಿಹೋದ ಹಿರಿಯ ಸಾಹೇಬರು ಇಸ್ಮಾಯಿಲರ ಕಟ್ಟಳೆಯಂತೆ. ಇನ್ನೊಂದು ಕಟ್ಟಳೆಯೂ ಇದೆ. ಪೇಟೆಯಲ್ಲಿ ಡಾಲರಿನ ದರ ಒಂದೆರಡು ಕಾಸು ಆಚೀಚೆ ಆಗಲಿ, ಮಂಡಿಯ ಲೆಕ್ಕದಲ್ಲಿ ಡಾಲರಿಗೆ ಯಾವತ್ತೂ ಒಂದೂವರೆ ರೂಪಾಯಿ. ನನಗೆ ಇದು ಬಹಳ ಹಿಡಿಸಿತು. ದರ ಎಂದರೆ ಹಾಗಿರಬೇಕು, ಗಾಳಿ ಬಂದ ಕಡೆ ತೂರಿಕೊಳ್ಳಬಾರದು.

ಒಂದೂವರೆಯಲ್ಲಿ ಗುಣಿಸಿದೆ. ಕೂಡಿಸಿದೆ. ಮತ್ತೊಮ್ಮೆ ಕೂಡಿಸಿದೆ. ಹಬೀಬುಲ್ಲಾ ಎಂಬ ಈ ಮಹಾನುಭಾವ ಜಪಾನಿನವರ ಕಾಲದಲ್ಲಿ ತನ್ನ ಸಂಸಾರಕ್ಕೆಂದು ಅಂಗಡಿಯಿಂದ ಎತ್ತಿದ್ದು ಅರವತ್ತನಾಲ್ಕು ಸಾವಿರ ಡಾಲರು. ರೂಪಾಯಿಯಲ್ಲಿ ತೊಂಬತ್ತಾರು ಸಾವಿರ! ಗಂಡ ಹೆಂಡತಿ ಇಬ್ಬರೇ. ಗಣಿಯ ದೊಡ್ಡ ದೊರೆಯ ಬಂಗಲೆಗೂ ಇಷ್ಟು ಬೇಕಾಗಿರಲಿಲ್ಲ. ಒಂದೇ ದಿನ, ಹೋದ ವರ್ಷ ಜೂನಿನಲ್ಲಿ, ಎಂಟು ಸಾವಿರ ಎತ್ತಿದ್ದಾನೆ. ಎದುರಿಗೆ 'ಮನೆ ಖರ್ಚು' ಎಂದು ಎರಡೇ ಪದ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚುವುದು ಎಂಬ ಗಾದೆಯನ್ನು ಕೇಳಿದ್ದೆ, ಹುಣಸೆಹಣ್ಣಿನ ವ್ಯಾಪಾರಿಯೇ ಕಿವುಚಿದ್ದನ್ನು ಈಗ ನೋಡಿದೆ.

ಅಂಗಡಿಗೆ ಬಂದ ಲಾಭವೂ ಹಾಗೇ ಲಕ್ಷಗಟ್ಟಲೆ ಇದೆ. ಆದರೆ ಉಳಿದ ದುಡ್ಡೆಲ್ಲ ಜಪಾನಿನವರ ನೋಟು. ಅವರು ಸೋತ ದಿನವೇ ಅದು ರದ್ದಿ ಕಾಗದ. ಆ ನಷ್ಟವನ್ನು ಇಬ್ಬರಿಗೂ ಸಮ ಹಂಚಿದೆ. ಎತ್ತಿದ್ದು ಮಾತ್ರ ಎತ್ತಿದವನ ಹೆಸರಿಗೇ. ಇಲ್ಲಿಯ ಅರವತ್ತಕ್ಕೆ ಆ ತೊಂಬತ್ತಾರು ಕೂಡಿಸಿ ಅರ್ಧ ಮಾಡಿದರೆ ಒಬ್ಬೊಬ್ಬರಿಗೆ ಎಪ್ಪತ್ತೆಂಟು, ಅವನು ಆಗಲೇ ಎತ್ತಿದ್ದು ತೊಂಬತ್ತಾರು. ಹೀಗೆ ಮಾಡಿದರೆ ಅವನ ಮೂವತ್ತು ಸಾವಿರ ಪಾಲೂ ಮುಗಿದು, ಮೇಲೆ ಅವನೇ ಹದಿನೆಂಟು ಸಾವಿರ ಕೊಡಬೇಕಾಗುತ್ತದೆ. ತೋಪಿನ ಮಾತೇ ಇಲ್ಲ.

ಇಬ್ಬರ ಮುಂದೂ ಓದಿದೆ. ಮುಖ್ತಿಯಾರ್ ಸಾಹೇಬರು ಗಡ್ಡ ಸವರಿಕೊಂಡು, ಆ ಹದಿನೆಂಟು ಸಾವಿರ ನನಗೆ ಬೇಡ, ಬಿಟ್ಟೆ, ತೋಪು ಮಾತ್ರ ಬಿಡೋದಿಲ್ಲ ಎಂದರು. ತಮ್ಮ ಜಗಳ ತೆಗೆಯುತ್ತಾನೆಂದು ನಾನು ಉತ್ತರ ಕಟ್ಟಿಕೊಂಡು ಕೂತಿದ್ದೆ. ಅವನು ಕೇಳಿದ್ದು ಇಷ್ಟೇ: ಮಂಡಿಯಲ್ಲಿ ತಕ್ಕಡಿ ಹಿಡಿಯುವ ಸೊಣ್ಣಪ್ಪನಿಗೆ ವಯಸ್ಸಾಗಿದೆ, ಆ ಕೆಲಸ ತನಗೆ ಕೊಡಬಹುದೇ ಎಂದು. ನಾಚಿಕೆ ಮಾನ ಇಲ್ಲದವನು.

ಲೆಕ್ಕ ಕಾಸು ತಪ್ಪದೆ ತಾಳೆ ಬಿತ್ತು. ಬಹಳ ದಿನಗಳ ಮೇಲೆ ಇಂಥ ಸಂತೋಷ.

ಮೇ 2, ಗುರುವಾರ

ಶುದ್ಧ ಪ್ರತಿ ಬರೆಯಬೇಕು, ಬೇಸರ. ಬಿಸಿಲು.

ಮೇ 6, ಸೋಮವಾರ

ಬೆಳಿಗ್ಗೆ ಬಚ್ಚಮ್ಮನ ಜೊತೆ ಜಗಳ. ರೇಷನ್ ಅಂಗಡಿಯಲ್ಲಿ ರಾಗಿ ಸಾಲದೆ ಹೊರಗೆ ಕೊಂಡಳಂತೆ. ಕೊಟ್ಟ ದುಡ್ಡು ಕೇಳಿ ನಾನು ಹಾರಾಡಿದೆ. ಇಷ್ಟು ದುಡ್ಡಿಗೆ ನಮ್ಮಪ್ಪನ ಕಾಲದಲ್ಲಿ ಒಂದು ಗಾಡಿ ರಾಗಿ ಬರುತ್ತಿತ್ತು ಎಂದೆ. ಅವಳು ಮೊರ ಕೆಳಗಿಟ್ಟು ಹೇಳಿದಳು:

"ನಿಮ್ಮಪ್ಪನ ಕಾಲದ ರೂಪಾಯಿ ತಂದ್ಕೊಡಿ, ನಿಮ್ಮಪ್ಪನ ಕಾಲದ ರಾಗಿ ತರ್ತೀನಿ. ಹೆಸರು ರೂಪಾಯಿ ಅಂದ್ಬಿಟ್ರೆ ಅದೇ ರೂಪಾಯಿ ಆಗೋಯ್ತಾ?"

ಛತ್ರಿ ತೆಗೆದುಕೊಂಡು ಹೊರಗೆ ಹೊರಟೆ. ಕೆರೆ ಏರಿಯ ತನಕ ಹೋಗಿ ಬಂದೆ. ಹೆಂಗಸರ ಬಾಯಿಗೆ ಎದುರಿಲ್ಲ.

ಮೇ 7, ಮಂಗಳವಾರ

ಆ ಮಾತು ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಕೂತಿದೆ.

ಶುದ್ಧ ಪ್ರತಿ ಬರೆಯುತ್ತ ಪಿನಾಂಗಿನ ಮಾರಾಟದ ಪುಟಗಳನ್ನು ಮತ್ತೆ ತೆಗೆದೆ. ಹೋದ ಸಲ ಬರೀ ಮೊತ್ತ ನೋಡಿದ್ದೆ, ಒಳಗಿನ ಸಾಲು ಓದಿರಲಿಲ್ಲ. 1941ರ ಡಿಸೆಂಬರಿನಲ್ಲಿ, ಜಪಾನಿನವರು ಬರುವಾಗ, ಉಗ್ರಾಣದಲ್ಲಿ ಆರುನೂರು ಮೂಟೆ ಹುಣಸೆಹಣ್ಣು ಇತ್ತು. ಎಲ್ಲ ನಮ್ಮ ಶ್ರೀನಿವಾಸಪುರ, ಗೌನಿಪಲ್ಲಿ ಕಡೆಯ ಮಾಲು. ಆಮೇಲೆ ಹಡಗಿಲ್ಲ, ಹೊಸ ಮಾಲಿಲ್ಲ. ಅದನ್ನೇ ಸ್ವಲ್ಪ ಸ್ವಲ್ಪ ಮಾರಿಕೊಂಡು ಬಂದಿದ್ದಾನೆ. ಮೊದಲು ಮೂಟೆಗೆ ಹನ್ನೆರಡು ಡಾಲರು. 1943ರ ಕೊನೆಗೆ ನೂರ ಇಪ್ಪತ್ತು. ಹೋದ ವರ್ಷ ಜೂನಿಗೆ ಆರು ಸಾವಿರ.

ಅದೇ ಮೂಟೆ. ಅದೇ ಹಣ್ಣು. ಅಷ್ಟು ದಿನ ಇಟ್ಟದ್ದಕ್ಕೆ ಇನ್ನಷ್ಟು ಕಪ್ಪಾಗಿರಬೇಕು, ಅಷ್ಟೆ.

ಪುಸ್ತಕ ಮುಚ್ಚಿ ಹೊರಗೆ ಜಗುಲಿಯಲ್ಲಿ ಕೂತೆ. ನಾನು ಲಾಭ ಎಂದು ಲಕ್ಷಗಟ್ಟಲೆ ಬರೆದದ್ದು ಯಾವುದು? ಹುಣಸೆಹಣ್ಣು ಮೇಲೇರಲಿಲ್ಲ, ದುಡ್ಡು ಕೆಳಗೆ ಬಿತ್ತು. ಪುಸ್ತಕದಲ್ಲಿ ಎಲ್ಲ ಕಡೆಯೂ ಡಾಲರು ಎಂದೇ ಇದೆ. ಮೊದಲ ಪುಟದ ಡಾಲರು ಇಂಗ್ಲಿಷರದು, ಕೊನೆಯ ಪುಟದ್ದು ಜಪಾನಿನವರು ಮನಬಂದಂತೆ ಅಚ್ಚು ಹಾಕಿದ್ದು. ಎರಡಕ್ಕೂ ನಾನು ಒಂದೂವರೆ ಕಟ್ಟಿದ್ದೇನೆ. ಗಣಿಯಲ್ಲಿ ಲಂಡನ್ನಿನಿಂದ ಒಂದು ಯಂತ್ರ ಬಂದರೂ, ಅದು ಬಂದ ದಿನದ ದರ ಎಷ್ಟು ಎಂದು ಕೇಳದೆ ಪುಸ್ತಕಕ್ಕೆ ಏರಿಸುತ್ತಿರಲಿಲ್ಲ. ಇಲ್ಲಿ ಅದನ್ನು ಕೇಳಲೇ ಇಲ್ಲ. ಕಟ್ಟಳೆ ಇದೆಯಲ್ಲ ಎಂದು ಕಟ್ಟಳೆಯ ಮೇಲೆ ಮಲಗಿಬಿಟ್ಟೆ.

ನನ್ನ ಲೆಕ್ಕ ತಾಳೆಯಾಗಿತ್ತು. ಬರೀ ತಾಳೆಯಾಗಿತ್ತು.

ಮೇ 11, ಶನಿವಾರ

ಶ್ರೀನಿವಾಸಪುರಕ್ಕೆ ಹೋಗಿ ಲೆಕ್ಕ ಇನ್ನೊಮ್ಮೆ ನೋಡಬೇಕು ಎಂದು ಮುಖ್ತಿಯಾರ್ ಸಾಹೇಬರಿಗೆ ಹೇಳಿದೆ. ಅವರ ಮುಖ ಬಿಗಿಯಿತು. ತಮ್ಮ ಏನಾದರೂ ಬಂದು ಕಾಲು ಹಿಡಿದನೇ ಎಂದರು. ನನಗೂ ಸಿಟ್ಟು ಬಂತು. ನನ್ನ ಕಾಲಿಗೆ ವಾಯು ಹಿಡಿದಿದೆ, ಇನ್ಯಾರೂ ಹಿಡಿದಿಲ್ಲ ಎಂದೆ. ಆಗ ಸ್ವಲ್ಪ ನಕ್ಕರು.

ಸ್ಟೇಷನ್ನಿನ ತನಕ ತಾವೇ ಬಂದರು. ರೈಲು ಎಂದಿನ ಹಾಗೆ ತಡ. ಬೆಂಚಿನ ಮೇಲೆ ಕೂತು, ಕೇಳದೆಯೇ, ತಾಯಿಯ ವಿಷಯ ತೆಗೆದರು. ಕಣ್ಣು ಮಂಜಾದ ಮುದುಕಿ ದಿನವೂ ಹಬೀಬನ ಕಾಗದ ಬಂತೇ ಎಂದು ಕೇಳುತ್ತಿದ್ದಳಂತೆ. ಬರಲಿಲ್ಲ ಎನ್ನಲು ಬಾಯಿ ಬಾರದೆ ಇವರು ಮಂಡಿಯ ಯಾವುದೋ ಹಳೆಯ ರಸೀತಿ ಹಿಡಿದುಕೊಂಡು, ತಮ್ಮ ಬರೆದಂತೆ ಸುಳ್ಳು ಸುಳ್ಳೇ ಓದಿ ಹೇಳುತ್ತಿದ್ದರಂತೆ. ಹೀಗೇ ಎರಡು ವರ್ಷ.

"ನಾನು ಇಲ್ಲಿ ಅವ್ನ ಹೆಸರಲ್ಲಿ ಕಾಗದ ಓದ್ತಿದ್ದೆ ಅಶ್ವತ್ಥಪ್ಪನೋರೆ, ಅವ್ನು ಅಲ್ಲಿ ಅರವತ್ನಾಕು ಸಾವಿರ ತಿಂತಿದ್ದ. ಬಂದು ಮೂರು ತಿಂಗಳಾಯ್ತು. ಒಂದ್ ದಿನ ಕೂತು, ಹಿಂಗಾಯ್ತು ಭಾಯಿಜಾನ್ ಅಂತ ಹೇಳಿದ್ನಾ? ಇಲ್ಲ. ತೋಪು ಬೇಕು ಅಂತಾನೆ."

ರೈಲು ಬಂತು, ಹತ್ತಿದೆ. ಇವರಿಗೆ ಬೇಕಾದದ್ದು ತೋಪಲ್ಲ ಎಂದು ದಾರಿಯಲ್ಲಿ ಅನ್ನಿಸಿತು. ಅದಕ್ಕೆ ನನ್ನ ಬಳಿ ಖಾತೆ ಇಲ್ಲ.

ಮೇ 14, ಮಂಗಳವಾರ

ದರ ಸಿಕ್ಕಿತು. ಬರೆದಿಡುತ್ತೇನೆ, ಇಲ್ಲದಿದ್ದರೆ ಬೆಳಿಗ್ಗೆ ನನಗೇ ನಂಬಿಕೆ ಬಾರದು.

ಜಪಾನಿನ ಡಾಲರು ಇವತ್ತಿನ ದರದಲ್ಲಿ ಸೊನ್ನೆ. ಹಾಗೆಂದು ಎಲ್ಲಕ್ಕೂ ಸೊನ್ನೆ ಕಟ್ಟಿದರೆ ತಮ್ಮ ಮೂರೂವರೆ ವರ್ಷ ಗಾಳಿ ಕುಡಿದು ಬದುಕಿದ ಎಂದಾಗುತ್ತದೆ. ಅದು ಅಣ್ಣನಿಗೆ ಅನ್ಯಾಯ. ಒಂದೂವರೆ ಕಟ್ಟಿದರೆ ತಮ್ಮನಿಗೆ ಅನ್ಯಾಯ. ಎತ್ತಿದ ದಿನ ಆ ದುಡ್ಡಿಗೆ ಎಷ್ಟು ಬೆಲೆ ಇತ್ತೋ ಅಷ್ಟೇ ಅವನು ಪಡೆದದ್ದು. ಆ ದಿನದ ದರವನ್ನು ಯಾವ ಬ್ಯಾಂಕೂ ತಂತಿ ಹೊಡೆದು ತಿಳಿಸಲಿಲ್ಲ. ಹುಣಸೆಹಣ್ಣು ತಿಳಿಸುತ್ತದೆ. ಪ್ರತಿ ತಿಂಗಳೂ ಅವನು ಮೂಟೆಯ ಕ್ರಯ ಬರೆದಿದ್ದಾನೆ. ಆ ತಿಂಗಳು ಎತ್ತಿದ ಡಾಲರನ್ನು ಆ ತಿಂಗಳ ಕ್ರಯದಿಂದ ಭಾಗಿಸಿದರೆ ಎಷ್ಟು ಮೂಟೆ ಎಂದು ಬರುತ್ತದೆ. ಮೂಟೆಗೆ ಯುದ್ಧದ ಮೊದಲಿನ ಬೆಲೆ, ಹನ್ನೆರಡು ಡಾಲರು, ಅಂದರೆ ಹದಿನೆಂಟು ರೂಪಾಯಿ. ಹಿರಿಯ ಸಾಹೇಬರ ಒಂದೂವರೆಗೂ ಮರ್ಯಾದೆ ಉಳಿಯಿತು.

ಪಕ್ಕಾ ಅಳತೆ ಎಂದು ಆಣೆ ಮಾಡಲಾರೆ. ಅಲ್ಲಿ ಹುಣಸೆಹಣ್ಣೇ ಅಪರೂಪವಾಗಿದ್ದಿರಬಹುದು. ಅಂಗಡಿಯ ಆಳುಗಳಿಗೆ ಕೊಂಡ ಅಕ್ಕಿಯ ಕ್ರಯ ಹುಡುಕಿದೆ, ಅದೂ ಹೆಚ್ಚು ಕಡಿಮೆ ಅದೇ ಓಟದಲ್ಲಿ ಏರಿದೆ. ಸಾಕು.

ಕೂಡಿಸಿದೆ. ಅರವತ್ತನಾಲ್ಕು ಸಾವಿರ ಡಾಲರು ಎಂದರೆ ನೂರ ಎಂಬತ್ತು ಮೂಟೆ. ಮೂರು ಸಾವಿರದ ಇನ್ನೂರ ನಲವತ್ತು ರೂಪಾಯಿ. ಮೂರೂವರೆ ವರ್ಷದ ಸಂಸಾರಕ್ಕೆ. ಮೊದಲ ವರ್ಷ ಐವತ್ತು ಚಿಲ್ಲರೆ ಮೂಟೆ ತಿಂದವರು ಕೊನೆಯ ವರ್ಷಕ್ಕೆ ಬರುವಾಗ ತಿಂದದ್ದು ಅದರ ಅರ್ಧ. ಡಾಲರು ಏರುತ್ತ ಏರುತ್ತ ಅನ್ನ ಇಳಿದಿದೆ. ಇವನನ್ನೇ ನಾನು ಬಂಗಲೆಯ ದೊರೆಗೆ ಹೋಲಿಸಿದ್ದು.

ಬಚ್ಚಮ್ಮ ಊಟಕ್ಕೆ ಕರೆದಳು. ಸಾರು ಹುಳಿಯಾಗಿತ್ತು. ಏನೂ ಅನ್ನದೆ ಉಂಡೆ. ಜ್ವರವೇ ಎಂದು ಹಣೆ ಮುಟ್ಟಿ ನೋಡಿದಳು.

ಮೇ 20, ಸೋಮವಾರ

ಎಂಟು ಸಾವಿರದ ಸಾಲು ಉಳಿದಿತ್ತು. ಇಷ್ಟು ದೊಡ್ಡ ಮೊತ್ತ ಒಂದೇ ಸಲ. ಅದಕ್ಕೊಂದು ವಿವರ ಬೇಕೇ ಬೇಕು, ಓದುವಾಗ ಅಣ್ಣ ಅಲ್ಲೇ ಬೆರಳಿಡುತ್ತಾರೆ. ಹಬೀಬುಲ್ಲಾರನ್ನು ಕೇಳಿದೆ. ಮಂಡಿಯ ಹಿಂದಿನ ಎರಡು ಕೋಣೆಯಲ್ಲಿ ಅವರ ವಾಸ. ಪುಸ್ತಕ ನೋಡಿದರು, ನನ್ನ ಮುಖ ನೋಡಿದರು. "ಮನೆ ಖರ್ಚು ಅಂತ ಬರ್ದಿದ್ದೀನಲ್ಲ ಸ್ವಾಮಿ" ಎಂದು ಹೇಳಿ, ಟೊಪ್ಪಿ ಸರಿಮಾಡಿಕೊಂಡು ಹೊರಗೆ ಹೋದರು.

ಅವರ ಹೆಂಡತಿ ಜೈನಾಬ್ ಒಳಬಾಗಿಲ ಪರದೆಯ ಹಿಂದೆ ಇದ್ದರು. ಚಹಾ ಲೋಟ ಪರದೆಯ ಕೆಳಗಿನಿಂದ ಮುಂದಕ್ಕೆ ತಳ್ಳಿದರು. ಆಕೆ ಮುಳಬಾಗಿಲಿನ ಹುಡುಗಿ, ಕನ್ನಡ ತೆಲುಗು ಎರಡೂ ನೀರಿನಂತೆ ಬರುತ್ತದೆ. ಮೆಲ್ಲಗೆ ಹೇಳಿದರು:

"ಅದು ಬಟ್ಟೆ. ನಮ್ಮ ಮಗೂದು. ಕಫನ್."

ನಾನು ಲೋಟ ಕೆಳಗಿಟ್ಟೆ.

ಮಿಕ್ಕದ್ದನ್ನು ಆಕೆಯೇ ಹೇಳಿದರು. ಜಪಾನಿನವರು ಬಂದ ಮೇಲೆ ಹುಟ್ಟಿದ ಹೆಣ್ಣುಮಗು. ಕಾಗದ ಹೋಗದ ಕಾಲ, ಹಾಗಾಗಿ ಇಲ್ಲಿ ಯಾರಿಗೂ ತಿಳಿಯದು. ಮೂರು ವರ್ಷ ತುಂಬಿತ್ತು. ಜ್ವರ ಬಂತು, ಔಷಧ ಸಿಗಲಿಲ್ಲ. ಮಗು ಹೋದಾಗ ಊರಿನಲ್ಲಿ ಬಟ್ಟೆಯೇ ಇಲ್ಲ. ಜನ ಗೋಣಿಚೀಲ ಉಟ್ಟು ತಿರುಗುತ್ತಿದ್ದರಂತೆ. ಗೋಣಿಯಲ್ಲೇ ಮಣ್ಣು ಮಾಡಿಬಿಡಿ ಎಂದು ಅಕ್ಕಪಕ್ಕದವರು ಹೇಳಿದರು. ಮಂಡಿಯ ಮೂಟೆಯ ಗೋಣಿಯೇ ಬೇಕಾದಷ್ಟಿತ್ತು. ಹಬೀಬುಲ್ಲಾ ಒಪ್ಪಲಿಲ್ಲ. ಬಿಳಿ ಬಟ್ಟೆ ಹುಡುಕಿಕೊಂಡು ಬೆಳಗಿನಿಂದ ಸಂಜೆಯ ತನಕ ಅಲೆದು ತಂದರು.

ಭಾವನವರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಮದರಾಸಿನಲ್ಲಿ ಹಡಗು ಇಳಿದಾಗಲೇ ತಾಯಿ ಹೋದ ಸುದ್ದಿ ತಿಳಿದದ್ದು. ಊರಿಗೆ ಬಂದರೆ ಅಣ್ಣ ಮಾತಿಗೆ ಮೊದಲು ಲೆಕ್ಕ ಕೇಳಿದರು. ಲೆಕ್ಕ ಕೇಳಿದವರ ಮುಂದೆ ಮಗುವನ್ನು ಇಡುವುದಿಲ್ಲ ಎಂದು ಹಬೀಬುಲ್ಲಾ ಹಟ ಹಿಡಿದರು. ನೀವೂ ಹೇಳಬೇಡಿ ಎಂದು ಆಕೆ ಕೇಳಿಕೊಂಡರು. ಆಗಲಿ ಎಂದೆ.

ಚಹಾ ಆರಿಹೋಗಿತ್ತು, ಕುಡಿದೆ. ಮೂವತ್ತು ವರ್ಷ ಎಲ್ಲರನ್ನೂ ವಿವರ ಕೊಡಿ ಎಂದು ಕಾಡಿದವನು ನಾನು. ಇವತ್ತು ಕೊಟ್ಟರು.

ಮೇ 23, ಗುರುವಾರ

ಏನೂ ಬರೆಯಲಾಗಲಿಲ್ಲ. ಬಚ್ಚಮ್ಮನಿಗೆ ಹೇಳಿದೆ. ಆಕೆಗೆ ಹೇಳಿದರೆ ಹೇಳಿದಂತಲ್ಲ. ಒಲೆಯ ಮುಂದೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ, ಶ್ರೀನಿವಾಸಪುರಕ್ಕೆ ಯಾವಾಗ ಹೋಗ್ತೀರಿ, ಆ ಹೆಣ್ಣುಮಗಳಿಗೆ ಒಂದಿಷ್ಟು ಹಪ್ಪಳ ಕೊಡ್ತೀನಿ ಎಂದಳು.

ಜೂನ್ 2, ಭಾನುವಾರ

ಹಪ್ಪಳದ ಡಬ್ಬಿ, ಲೆಕ್ಕದ ಪುಸ್ತಕ ಎರಡನ್ನೂ ಹೊತ್ತುಕೊಂಡು ಹೋದೆ. ಮಂಡಿಯಲ್ಲಿ ಚಾಪೆ ಹಾಸಿ ಮೂವರೂ ಕೂತೆವು. ಜೈನಾಬ್ ಒಳಬಾಗಿಲ ಪರದೆಯ ಹಿಂದೆ. ತಕ್ಕಡಿಯ ಹತ್ತಿರ ಸೊಣ್ಣಪ್ಪ ತೂಕಡಿಸುತ್ತಿದ್ದ.

ಮೊದಲು ನನ್ನ ಹಳೆಯ ಲೆಕ್ಕ ತಪ್ಪು ಎಂದೆ. ಯಾಕೆ ತಪ್ಪು ಎಂದು ಡಾಲರಿನ ಭಾಷೆಯಲ್ಲಿ ಹೇಳಲಿಲ್ಲ, ಮೂಟೆಯ ಭಾಷೆಯಲ್ಲಿ ಹೇಳಿದೆ. ಮುಖ್ತಿಯಾರ್ ಸಾಹೇಬರು ಹುಟ್ಟಿದ್ದೇ ಮೂಟೆಗಳ ನಡುವೆ. ಹನ್ನೆರಡು ಡಾಲರಿನ ಮೂಟೆ ಆರು ಸಾವಿರಕ್ಕೆ ಮಾರಿದರೆ ಹಣ್ಣು ಚಿನ್ನವಾಯಿತೇ, ದುಡ್ಡು ಮಣ್ಣಾಯಿತೇ ಎಂದು ಕೇಳಿದೆ. ಅಬ್ಬಾ ಕಾಲದಿಂದ ಒಂದೂವರೆ ಎಂದು ಅವರು ಒಮ್ಮೆ ಅಂದರು, ಗೋಡೆಗೆ ಅಂದ ಹಾಗಿತ್ತು. ಆಮೇಲೆ ಓದಿ ಎಂದರು.

ತಿಂಗಳು ತಿಂಗಳಾಗಿ ಓದಿದೆ. 1942ರಲ್ಲಿ ತಿಂಗಳಿಗೆ ಐದು ಮೂಟೆ, ನಾಲ್ಕೂವರೆ. ನಲವತ್ತಮೂರರಲ್ಲೂ ಹಾಗೇ. ನಲವತ್ತನಾಲ್ಕರಲ್ಲಿ ಮೂರು. ಸಾಹೇಬರು ಬೆರಳೆಣಿಸಿ ಕೇಳುತ್ತಿದ್ದವರು ನಡುವೆ ಎಲ್ಲೋ ಎಣಿಸುವುದನ್ನು ಬಿಟ್ಟು ತಮ್ಮನ ಮಣಿಕಟ್ಟು ನೋಡತೊಡಗಿದರು. ಹಬೀಬುಲ್ಲಾರ ಮಣಿಕಟ್ಟಿನಲ್ಲಿ ಮೂಳೆಯೇ ಇರುವುದು. ಎಷ್ಟೋ ದಿನದಿಂದ ನಾನೂ ನೋಡುತ್ತಿದ್ದೇನೆ, ಈ ಬರಹದಲ್ಲಿ ಎಲ್ಲೂ ಬರೆದಿಲ್ಲ.

1945ರ ಜೂನ್ ಬಂತು. ಎಂಟು ಸಾವಿರ ಡಾಲರು, ಮೂಟೆಗೆ ಆರು ಸಾವಿರದಂತೆ ಒಂದು ಮೂಟೆ, ಮೇಲೆ ಮೂರನೇ ಒಂದು ಭಾಗ, ಇಪ್ಪತ್ತನಾಲ್ಕು ರೂಪಾಯಿ ಎಂದು ಓದಿ ಮುಂದಿನ ಸಾಲಿಗೆ ಹೊರಟೆ. ನನ್ನ ಧ್ವನಿ ಸರಿಯಿರಲಿಲ್ಲವೋ ಏನೋ, ಸಾಹೇಬರು ಕೈಯೆತ್ತಿದರು. ಇದು ಏನು ಖರ್ಚು ಎಂದು ಕೇಳಿದರು. ನಾನು ಪುಸ್ತಕ ನೋಡುತ್ತ ಕೂತೆ. ಆಗಲಿ ಎಂದು ಮಾತು ಕೊಟ್ಟಿದ್ದೆ.

"ಬಟ್ಟೆ" ಎಂದರು ಹಬೀಬುಲ್ಲಾ.

"ಏನ್ ಬಟ್ಟೆ?"

"ಬಿಳೀ ಬಟ್ಟೆ, ಭಾಯಿಜಾನ್."

ಮುಖ್ತಿಯಾರ್ ಸಾಹೇಬರ ಕೈ ಎತ್ತಿದ್ದು ಎತ್ತಿದ ಹಾಗೇ ಇತ್ತು. ಯಾರಿಗೆ ಎಂದು ಕೇಳಿದರು. ಹಬೀಬುಲ್ಲಾ ಚಾಪೆಯ ಅಂಚನ್ನು ಬೆರಳಿನಲ್ಲಿ ಬಿಡಿಸುತ್ತ ಹೇಳಿದರು:

"ನಮ್ಗೊಂದು ಮಗಳಿದ್ಲು. ಅಮ್ಮೀ ಹೆಸರೇ ಇಟ್ಟಿದ್ವಿ, ದಿಲ್ಷಾದ್ ಅಂತ. ಅಮ್ಮೀಗೆ ತೋರ್ಸೋಣ ಅಂತಿದ್ವಿ."

ಪರದೆಯ ಹಿಂದೆ ಬಳೆ ಸದ್ದಾಯಿತು. ಸೊಣ್ಣಪ್ಪ ಎಚ್ಚರವಾಗಿ, ಏನಾಯಿತೆಂದು ನಮ್ಮನ್ನು ನೋಡಿ, ಎದ್ದು ಹೊರಗೆ ಹೋದ.

ಸಾಹೇಬರು ನನ್ನ ಕಡೆ ತಿರುಗಿದರು. ಕಣ್ಣು ನನ್ನನ್ನು ನೋಡುತ್ತಿರಲಿಲ್ಲ. ಅಮ್ಮೀಗೆ ಮೂವತ್ತೊಂದು ರೂಪಾಯಿ ಆಗಿತ್ತು ಎಂದರು. ಹೌದು ಎಂದೆ. ಆಮೇಲೆ ತಮ್ಮನಿಗೆ:

"ಇಪ್ಪತ್ನಾಕು ರೂಪಾಯಿ ಬಟ್ಟೆ. ಸಾಕಾಯ್ತಾ?"

"ಚಿಕ್ಕ ಮಗು, ಭಾಯಿಜಾನ್. ಸಾಕಾಯ್ತು."

ಆ ಮೇಲಿನದನ್ನು ನಾನು ನೋಡಲಿಲ್ಲ. ಕನ್ನಡಕ ತೆಗೆದು ಒರೆಸುತ್ತಿದ್ದೆ. ಅಣ್ಣ ಅಳುವ ಸದ್ದು ಕೇಳಿಸಿತು, ದಖ್ಖನಿಯಲ್ಲಿ ಏನೇನೋ ಹೇಳುತ್ತಿದ್ದರು. ನನಗೆ ತಿಳಿದದ್ದು ಕಾಗದ ಎಂಬ ಒಂದು ಪದ ಮಾತ್ರ. ಸುಳ್ಳು ಕಾಗದ ಓದುತ್ತಿದ್ದದ್ದನ್ನು ಹೇಳುತ್ತಿದ್ದರು ಅನ್ನಿಸುತ್ತದೆ.

ಲೆಕ್ಕದ ಮಿಕ್ಕ ಪುಟಗಳನ್ನು ಯಾರೂ ಕೇಳಲಿಲ್ಲ. ನಾನೇ ಕೊನೆಯ ಸಾಲು ಓದಿದೆ. ತೋಪು ತಮ್ಮನಿಗೆ ಬರುತ್ತದೆ, ಮೇಲೆ ಒಂದಿಷ್ಟು ರೊಕ್ಕವೂ ಬರುತ್ತದೆ ಎಂದೆ. ಮುಖ್ತಿಯಾರ್ ಸಾಹೇಬರು ಟವೆಲಿನಲ್ಲಿ ಮುಖ ಒರೆಸಿಕೊಂಡು, ಅದಿರಲಿ, ಆ ಇಪ್ಪತ್ತನಾಲ್ಕು ರೂಪಾಯಿ ಯಾರ ಹೆಸರಿನಲ್ಲಿದೆ ಎಂದು ಕೇಳಿದರು. ಹಬೀಬುಲ್ಲಾರ ಹೆಸರಿನಲ್ಲಿ ಎಂದೆ.

"ತೆಗೀರಿ. ಅಮ್ಮೀ ಖರ್ಚು ಎಲ್ಲಿ ಬರ್ದಿದ್ದೀರೋ, ಅದರ ಕೆಳಗೇ ಬರೀರಿ."

ಸ್ವಂತದ್ದು ಸ್ವಂತ, ವ್ಯಾಪಾರದ್ದು ವ್ಯಾಪಾರ ಎಂದು ಹೇಳಬೇಕಾಗಿತ್ತು. ನೆನಪಾಗಲಿಲ್ಲ.

ಹೊರಡುವಾಗ ಹಪ್ಪಳದ ಡಬ್ಬಿ ಕೊಡುವುದು ಮರೆತು, ಬಾಗಿಲಿನಿಂದ ವಾಪಸು ಬಂದು ಕೊಟ್ಟೆ.

ಜೂನ್ 3, ಸೋಮವಾರ

ಶುದ್ಧ ಪ್ರತಿ ಮುಗಿಯಿತು. ಎರಡು ಕಡೆಯ ಲೆಕ್ಕ ಒಂದಾಗಿ, ತಾಳೆಯಾಗಿ, ಹೊಲಿದು ಇಟ್ಟಿದ್ದೇನೆ. ಹಬೀಬ್ ನಾಳೆ ಬಂದು ತೆಗೆದುಕೊಂಡು ಹೋಗುತ್ತಾರೆ, ಊಟ ಇಲ್ಲೇ ಎಂದು ಬಚ್ಚಮ್ಮ ಹೇಳಿ ಕಳಿಸಿದ್ದಾಳೆ.

ದೊಡ್ಡ ಮನೆ ಖರ್ಚಿನ ಕೆಳಗೆ ಒಂದು ಸಾಲು ಸೇರಿತು. ಮೊದಲಿನದು ದಿಲ್ಷಾದ್, ಮೂವತ್ತೊಂದು ರೂಪಾಯಿ. ಅದರ ಕೆಳಗಿನದೂ ದಿಲ್ಷಾದ್, ಇಪ್ಪತ್ತನಾಲ್ಕು ರೂಪಾಯಿ. ಎರಡೂ ಹೆಸರು ಒಂದೇ ಇರುವುದರಿಂದ, ಮುಂದೆ ನೋಡುವವರು ಒಂದೇ ಖರ್ಚನ್ನು ಎರಡು ಸಲ ಬರೆದಿದೆ ಎಂದು ಒಂದನ್ನು ಹೊಡೆದು ಹಾಕಬಾರದು. ಹಾಗಾಗಿ ಒಂದರ ಮುಂದೆ ಶ್ರೀನಿವಾಸಪುರ ಎಂದೂ, ಇನ್ನೊಂದರ ಮುಂದೆ ಪಿನಾಂಗ್ ಎಂದೂ ಊರು ಬರೆದೆ.